ಮುರಿದ ಮಂಚವೂ ಸವೆದ ಮಗ್ಗವೂ



ಹಳೆಯದನ್ನು ಎಸೆಯುವುದೇ ಪ್ರಗತಿಯೆಂಬ ಭ್ರಮೆ ನಮ್ಮ ಇಳಕಲ್ಲ, ಹುನಗುಂದ, ಗುಳೇದಗುಡ್ಡದ ಸೀಮೆಯಲ್ಲಿಯೂ ಬೇರೂರಿದೆ. ಅದರ ವಿರುದ್ಧ ನಾಲ್ಕು ಮಾತು ಬರೆಯದೆ ನನಗೆ ಸಮಾಧಾನವಿಲ್ಲ.

ಸವೆದ ಕುಣಿಮಗ್ಗಕ್ಕೆ ಇಂದು ಎರಡೇ ಗತಿ: ಒಲೆ, ಇಲ್ಲವೇ ಹೋಟೆಲಿನ ಅಲಂಕಾರ. "ರಿಪೇರಿ ಮಾಡಸೂದಕ್ಕಿಂತ ಮಾರಿಬಿಡೂದ ಚಲೋರಿ ಸರ್" ಎಂದು ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಅವನ ಕಷ್ಟವನ್ನು ಬಲ್ಲೆ. ಆದರೆ ಆ ಮಾತನ್ನು ಒಪ್ಪಲಾರೆ.

ಇಡೀ ಮಗ್ಗ ಒಮ್ಮೆಲೇ ಕೆಡುವುದಿಲ್ಲ. ಲಾಳಿ ಓಡಾಡುವ ಹಲಗೆ ಸವೆಯುತ್ತದೆ. ಕುಣಿಯ ತೇವಕ್ಕೆ ಕಾಲಿನಿಂದ ತುಳಿಯುವ ಪಟ್ಟಿಗಳು ಕೊಳೆಯುತ್ತವೆ. ಬಟ್ಟೆ ಸುತ್ತುವ ದಿಂಡು ತನ್ನ ಗೂಟದಲ್ಲಿ ಅಲುಗಾಡತೊಡಗುತ್ತದೆ. ಹಲಗೆ ಸೊಟ್ಟಗಾದರೆ ಫಣಿಯ ಬಡಿತ ಸಮನಾಗಿ ಬೀಳದೆ ಹೊಕ್ಕಿನ ಎಳೆ ಓರೆಯಾಗುತ್ತದೆ. ಮೂರು ನಾಲ್ಕು ತುಂಡು ಕಟ್ಟಿಗೆಯ ದೋಷಕ್ಕಾಗಿ ಇಡೀ ಮಗ್ಗಕ್ಕೆ ಮರಣದಂಡನೆ ವಿಧಿಸುವುದು ಯಾವ ನ್ಯಾಯ?

ಬೇಕಾದ ಕಟ್ಟಿಗೆ ನಮ್ಮ ಅಟ್ಟಗಳಲ್ಲಿಯೇ ಇದೆ. ಮುರಿದ ಮಂಚದ ಕಾಲು, ಕಪಾಟಿನ ಚೌಕಟ್ಟು, ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯನ್ನು ಬಿಟ್ಟವರು ಮನೆ ಕಳಚಿ ತಂದ ಬಾಗಿಲು: ಇವುಗಳಲ್ಲಿ ಸಾಗವಾನಿಯೂ ಉಂಟು. ದಶಕಗಳಿಂದ ಒಣಗಿದ ಸಾಗವಾನಿ ಸುಲಭವಾಗಿ ಬಾಗದು. ಹಸಿ ಆರದ ಹೊಸ ಕಟ್ಟಿಗೆ ನಮ್ಮ ಬೇಸಿಗೆಗೆ ತಿರುಚಿಕೊಳ್ಳುತ್ತದೆ. ಹುಳು ತಿಂದದ್ದನ್ನು ಬಿಟ್ಟು, ಮೊಳೆ ಕಿತ್ತು, ಎಳೆ ಸಿಕ್ಕಿಕೊಳ್ಳದಂತೆ ನುಣುಪು ಮಾಡಿದರೆ ಸಾಕು. ದುರಸ್ತಿಗೂ ಮೀರಿದ ಮಗ್ಗವಿದ್ದರೆ ಅದರ ಗಟ್ಟಿ ಭಾಗಗಳು ಇನ್ನೊಂದು ಮಗ್ಗಕ್ಕೆ ಸಲ್ಲಲಿ, ಚಹಾದ ಮೇಜಿಗಲ್ಲ.

"ವಿದ್ಯುತ್ ಮಗ್ಗದ ಕಾಲದಲ್ಲಿ ಇದೆಲ್ಲ ಏಕೆ?" ಎಂದು ಕೇಳುವವರಿಗೆ ಉತ್ತರ ಇಳಕಲ್ಲ ಸೀರೆಯಲ್ಲಿಯೇ ಇದೆ. ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕೈಚಳಕಕ್ಕೆ ಪ್ರತಿ ಸೀರೆಗೂ ಬೇರೆ ಹಾಸು ಹೂಡಬೇಕು. ಆ ವಿದ್ಯೆ ಪುಸ್ತಕದಲ್ಲಿಲ್ಲ, ಕುಣಿಯಲ್ಲಿ ಕುಳಿತವರ ಬೆರಳುಗಳಲ್ಲಿದೆ. ಮಗ್ಗ ಒಲೆ ಸೇರಿದ ಮನೆಯಲ್ಲಿ ಮಗಳು ಅದನ್ನು ಯಾವುದರ ಮೇಲೆ ಕಲಿಯಬೇಕು?

ಸರ್ಕಾರಕ್ಕೂ ಒಂದು ಮಾತು. 1985ರಲ್ಲಿ ಕೈಮಗ್ಗಕ್ಕೆ ಕೆಲವು ವಸ್ತುಗಳನ್ನು ಮೀಸಲಿಡುವ ಕಾಯಿದೆ ಬಂದಿತು. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನವಾಯಿತು. ಇವು ಒಳ್ಳೆಯವೇ. ಆದರೆ ಮಗ್ಗದ ಮರ್ಮ ಬಲ್ಲ ಬಡಗಿಯಿಲ್ಲದಿದ್ದರೆ ಕಾಯಿದೆ ನೇಯುವುದೇ, ದಿನಾಚರಣೆ ನೇಯುವುದೇ? ನೇಕಾರರ ಊರುಗಳ ಐ.ಟಿ.ಐ.ಗಳಲ್ಲಿ ಮಗ್ಗದ ದುರಸ್ತಿಯನ್ನು ಕಲಿಸಬೇಕು. ಬಡಗಿಯ ಕೂಲಿಗೂ ಸಹಾಯಧನ ಸಿಗಬೇಕು.

ನೀವು ಬೆಂಗಳೂರಿನಲ್ಲಿರಿ, ಪುಣೆಯಲ್ಲಿರಿ, ದೀಪಾವಳಿಗೆ ಊರಿಗೆ ಬಂದು ಅಟ್ಟ ಸ್ವಚ್ಛಗೊಳಿಸುವಾಗ ಗುಜರಿಯವನನ್ನು ಕರೆಯುವ ಮುನ್ನ ಓಣಿಯ ನೇಕಾರರನ್ನು ಒಮ್ಮೆ ಕೇಳಿರಿ. ಗುಜರಿಯವನು ಕೊಡುವುದು ಒಂದು ದಿನದ ಸಂತೆಯ ದುಡ್ಡು. ಅದೇ ಕಟ್ಟಿಗೆ ಒಂದು ಮಗ್ಗಕ್ಕೆ ಸೇರಿದರೆ ಒಂದು ಮನೆಯ ಒಲೆ ವರ್ಷಗಟ್ಟಲೆ ಉರಿದೀತು.