ಹಳೆಯ ಮನೆಯ ಕೀಲಿಕೈ ಯಾರ ಬಳಿ ಇರಬೇಕು?

ಮಲೆನಾಡಿನ ಹಳೆಯ ತೋಟದ ಮನೆಗಳನ್ನು ದಿನದ ಲೆಕ್ಕದಲ್ಲಿ ಇಡಿಯಾಗಿ ಬಾಡಿಗೆಗೆ ಕೊಡುವ ರೂಢಿ ಈಚೆಗೆ ನಮ್ಮ ಕಣಿವೆಗಳಿಗೂ ಬಂದಿದೆ. ಇದು ನಾವು ಬಲ್ಲ ಹೋಂಸ್ಟೇ ಅಲ್ಲ. ಹೋಂಸ್ಟೇಯಲ್ಲಿ ಮನೆಯವರು ಜೊತೆಗಿರುತ್ತಾರೆ, ಬಂದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಇಲ್ಲಿ ಹಾಗಲ್ಲ. ಬಂದವರ ಕೈಗೆ ಕೀಲಿಕೈ ಕೊಟ್ಟು, ಅಡುಗೆಮನೆ, ಪಾತ್ರೆಪಡಗ, ಬಚ್ಚಲ ಹಂಡೆಗಳನ್ನು ತೋರಿಸಿ ಮನೆಯವರು ಹೊರಟುಬಿಡುತ್ತಾರೆ. ಬಂದವರು ತಾವೇ ಬೇಯಿಸಿಕೊಂಡು, ತಾವೇ ಪಾತ್ರೆ ತೊಳೆದುಕೊಂಡು, ಎರಡು ಮೂರು ದಿನ ಆ ಮನೆಯ ಯಜಮಾನರಂತೆ ಇದ್ದು ಹೋಗುತ್ತಾರೆ. ಇದು ರೆಸಾರ್ಟಿನ ಇನ್ನೊಂದು ವೇಷವೆಂದು ನಮ್ಮ ಬಳಗದ ಅನೇಕ ಗೆಳೆಯರು ಈಗಾಗಲೇ ತೀರ್ಮಾನಿಸಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಕೆಲವು ಕಟ್ಟುಪಾಡುಗಳೊಂದಿಗೆ ಇದನ್ನು ನಾವು ಬೆಂಬಲಿಸಬೇಕೆಂಬುದೇ ನನ್ನ ಅಭಿಪ್ರಾಯ. ಆ ಕಟ್ಟುಪಾಡುಗಳು ಯಾವುವೆಂಬುದನ್ನು ಹೇಳುವ ಮೊದಲು ಈ ಮನೆಗಳೆಂದರೆ ಏನೆಂಬುದನ್ನು ನೋಡಬೇಕಾಗುತ್ತದೆ.

ಮಲೆನಾಡಿನ ಚೌಕಿಮನೆಯನ್ನು ಪ್ರವಾಸಿಗರು ಕಂಬ, ಕೆತ್ತನೆ, ತೊಟ್ಟಿಯೊಳಕ್ಕೆ ಬೀಳುವ ಮಳೆ ಇವುಗಳ ಮೂಲಕ ನೋಡುತ್ತಾರೆ. ತಪ್ಪಲ್ಲ. ಆದರೆ ಅದನ್ನು ಕಟ್ಟಿದವರು ಚೆಂದಕ್ಕಾಗಿ ಕಟ್ಟಲಿಲ್ಲ. ಆ ಮನೆ ಅಡಿಕೆಯ ಕಾರ್ಖಾನೆ. ಉದ್ದನೆಯ ಜಗಲಿ ಇರುವುದು ಸುಗ್ಗಿಯ ರಾತ್ರಿಗಳಲ್ಲಿ ಹತ್ತಿಪ್ಪತ್ತು ಜನ ಸಾಲಾಗಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುವುದಕ್ಕೆ. ವಿಶಾಲವಾದ ಅಂಗಳ ಇರುವುದು ಬೇಯಿಸಿದ ಅಡಿಕೆಯನ್ನು ಒಣಗಿಸುವ ಚಪ್ಪರಕ್ಕೆ. ಅಟ್ಟ ಉಗ್ರಾಣ. ಕೊಟ್ಟಿಗೆ ಗೊಬ್ಬರದ ಮೂಲ. ಬೆಟ್ಟದಿಂದ ಬಂದ ಸೊಪ್ಪು ದರಕು ದನಗಳ ಕಾಲಡಿ ಹಾಸಾಗಿ, ಗೊಬ್ಬರಗುಂಡಿಯ ಮೂಲಕ ತೋಟದ ಬುಡ ಸೇರುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟದ ಸೌಲಭ್ಯ ಕೊಟ್ಟಿದ್ದು ಈ ಲೆಕ್ಕಾಚಾರದಿಂದಲೇ. ಕಾಡು, ಕೊಟ್ಟಿಗೆ, ತೋಟ, ಮನೆ ಈ ನಾಲ್ಕರಲ್ಲಿ ಯಾವುದೊಂದನ್ನು ಕಳಚಿದರೂ ಉಳಿದ ಮೂರಕ್ಕೆ ಅರ್ಥ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಮಾತು. ‘ಮುನ್ನೂರು ವರ್ಷದ ಮನೆ’ ಎಂಬ ಫಲಕ ಹಾಕಿಕೊಂಡವರು ಒಮ್ಮೆ ತಮ್ಮ ಮಾಡನ್ನು ತಲೆಯೆತ್ತಿ ನೋಡುವುದು ಒಳ್ಳೆಯದು. ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಆರಂಭಿಸಿದ್ದು 1865ರಲ್ಲಿ. ಅದಕ್ಕೆ ಮೊದಲು ನಮ್ಮ ಮನೆಗಳಿಗಿದ್ದುದು ಸೋಗೆ, ಹುಲ್ಲು ಅಥವಾ ನಾಡಹಂಚು. ಮಾಡು ಬದಲಾದಾಗ ಪಕಾಸಿ, ರೀಪುಗಳೂ ಬದಲಾಗಿವೆ. ಮನೆಯೆಂಬುದು ಹೀಗೆ ತುಂಡುತುಂಡಾಗಿ ಹೊಸದಾಗುತ್ತಲೇ ಹಳೆಯದಾಗಿ ಉಳಿದುಬಂದ ವಸ್ತು. ಪ್ರತಿ ತಲೆಮಾರೂ ಅದಕ್ಕೆ ಕೈಹಾಕಿದೆ. ಕೈಹಾಕುವುದು ನಿಂತಾಗಲೇ ಅದಕ್ಕೆ ನಿಜವಾದ ಆಪತ್ತು.

ಬೀಗ ಹಾಕಿದ ಮನೆ ನಮ್ಮ ಮಳೆಗೆ ಎಷ್ಟು ವರ್ಷ ತಡೆದೀತು? ಒಂದು ಹಂಚು ಜಾರಿದರೆ ಸಾಕು. ನೀರು ಪಕಾಸಿಯ ಮೇಲಿಂದ ಇಳಿದು ಮಣ್ಣಿನ ಗೋಡೆಯ ತಲೆ ಸೇರುತ್ತದೆ, ಗೋಡೆ ಒಳಗಿನಿಂದಲೇ ಕರಗತೊಡಗುತ್ತದೆ. ಮೂರನೆಯ ಮಳೆಗಾಲದ ಹೊತ್ತಿಗೆ ಗೆದ್ದಲು ಕಂಬದ ಎತ್ತರಕ್ಕೆ ಏರಿರುತ್ತದೆ. ಜನವಾಸವಿದ್ದ ಮನೆಯನ್ನು ಕಾಯುತ್ತಿದ್ದುದರಲ್ಲಿ ಒಲೆಯ ಹೊಗೆಯ ಪಾಲು ದೊಡ್ಡದು. ಅಡುಗೆಮನೆಯ ಹೊಗೆ ಅಟ್ಟದ ಸಂದುಗಳಲ್ಲಿ ಹಾದು ಮಾಡಿನ ಮೂಲಕ ಹೊರಹೋಗುವಾಗ ಮರದ ತೇವ ಆರುತ್ತಿತ್ತು. ಹೊಗೆಯ ಕರಿ ಮರಕ್ಕೆ ಅಂಟಿ ಕೊರೆಯುವ ಹುಳುಗಳಿಗೂ ಬೂಷ್ಟಿಗೂ ತಡೆಯಾಗುತ್ತಿತ್ತು. ಹಾಗೆಂದು ನಮ್ಮ ಅಕ್ಕತಂಗಿಯರು ಮತ್ತೆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ಆ ಕರಿ ಅವರ ಶ್ವಾಸಕೋಶಕ್ಕೂ ಅಂಟುತ್ತಿತ್ತು. ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಬೇರೇನಾದರೂ ಮಾಡಬೇಕು: ಅಟ್ಟಕ್ಕೆ ಗಾಳಿಯಾಡುವ ಕಿಂಡಿ, ಮರಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ಲೇಪ, ಬಚ್ಚಲ ಒಲೆಗಾದರೂ ದಿನಾ ಬೆಂಕಿ. ಇದೆಲ್ಲವನ್ನೂ ಮಾಡಲು ಮನೆಯಲ್ಲಿ ಜನ ಬೇಕು, ಕೈಯಲ್ಲಿ ಹಣ ಬೇಕು.

ಎರಡೂ ಕಡಿಮೆಯಾಗುತ್ತಿರುವ ಕಾಲ ಇದು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತಲೆಮಾರುಗಳ ಆದಾಯವನ್ನೇ ತಿಂದುಹಾಕಿದೆ. ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ಮಲೆನಾಡಿನ ಅನೇಕ ತಾಲ್ಲೂಕುಗಳನ್ನು ಆವರಿಸಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ಇಂಥ ಮನೆಗೆ ಮೊದಲು ಬರುವವನು ಪ್ರವಾಸಿಯಲ್ಲ, ಹಳೆಯ ಮರದ ವ್ಯಾಪಾರಿ. ಕಂಬಕ್ಕಿಷ್ಟು, ಬಾಗಿಲಿಗಿಷ್ಟು, ಬೋದಿಗೆಗಿಷ್ಟು ಎಂದು ಬೆಲೆ ಕಟ್ಟಿ ಲಾರಿಗೆ ಹೇರುತ್ತಾನೆ. ಅವು ನಗರದ ಹೋಟೆಲಿನ ಮುಂಭಾಗದಲ್ಲೋ ಯಾರದೋ ಬಂಗಲೆಯ ಪಡಸಾಲೆಯಲ್ಲೋ ನಿಲ್ಲುತ್ತವೆ. ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ ವಿಜಯನಾಥ ಶೆಣೈ ಅವರ ಹಸ್ತಶಿಲ್ಪದ ಕೆಲಸ ದೊಡ್ಡದು, ಕೈಮುಗಿಯುವಂಥದು. ಆದರೆ ಅಲ್ಲಿ ಉಳಿದದ್ದು ಮನೆ. ತೋಟ, ಕೊಟ್ಟಿಗೆ, ಬೆಟ್ಟ ಅಲ್ಲಿಗೆ ಬರಲಾರವು. ಪ್ರತಿ ಹಳೆಯ ಮನೆಯನ್ನೂ ವಸ್ತುಸಂಗ್ರಹಾಲಯ ಮಾಡಲು ಸಾಧ್ಯವೂ ಇಲ್ಲ.

ಹಳೆಯ ಒಕ್ಕಲು ಮನೆಯನ್ನು ನಿಂತ ನೆಲದಲ್ಲೇ ಉಳಿಸಿ, ಬಾಡಿಗೆಯ ಹಣದಿಂದಲೇ ಕಾಪಾಡುವ ಮಾರ್ಗವನ್ನು ವ್ಯವಸ್ಥಿತವಾಗಿ ಮಾಡಿ ತೋರಿಸಿದವರು ಬ್ರಿಟನ್ನಿನ ಲ್ಯಾಂಡ್‌ಮಾರ್ಕ್ ಟ್ರಸ್ಟಿನವರು. ಜಾನ್ ಸ್ಮಿತ್ ಮತ್ತು ಅವರ ಪತ್ನಿ ಕ್ರಿಸ್ಟಿಯನ್ 1965ರಲ್ಲಿ ಆರಂಭಿಸಿದ ಸಂಸ್ಥೆ ಅದು. ಪಾಳುಬೀಳುವ ಕಟ್ಟಡವನ್ನು ದುರಸ್ತಿ ಮಾಡುವುದು, ಆಮೇಲೆ ಅದನ್ನು ತಾವೇ ಅಡುಗೆ ಮಾಡಿಕೊಂಡು ಇರುವವರಿಗೆ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡುವುದು, ಆ ಬಾಡಿಗೆಯಿಂದ ಕಟ್ಟಡದ ಪಾಲನೆ. ಇಂಥ ಸುಮಾರು 200 ಕಟ್ಟಡಗಳು ಅವರಲ್ಲಿವೆ. ವೇಲ್ಸ್‌ನ ಕರಿಬೆಟ್ಟಗಳ ಅಂಚಿನಲ್ಲಿರುವ ಲುಯಿನ್ ಕೆಲಿನ್ ಎಂಬ ಒಕ್ಕಲು ಮನೆ ಅವುಗಳಲ್ಲೊಂದು. ಮರದ ಬಳೆಗಳನ್ನು ಎಣಿಸುವ ವಿಧಾನದಿಂದ ಅದರ ಕಾಲ ಸುಮಾರು 1420 ಎಂದು ಗೊತ್ತಾಗಿದೆ. ನಲವತ್ತು ಲಕ್ಷ ಪೌಂಡಿಗೂ ಮಿಕ್ಕಿ ಖರ್ಚು ಮಾಡಿ ದುರಸ್ತಿ ಮುಗಿಸಿ 2018ರಲ್ಲಿ ಅದನ್ನು ತೆರೆದರು. ಮನೆಯಲ್ಲಿ ಬಿಡಾರ ಹೂಡಿದ್ದ ಬಾವಲಿಗಳಿಗೂ ಬೇರೆ ಜಾಗದ ಏರ್ಪಾಡಾಯಿತು. ಕಾಳು ಬಡಿಯುವ ಹಳೆಯ ಕಣದ ಕಟ್ಟಡವನ್ನು ಊರವರ ಬಳಕೆಗೆ ಬಿಟ್ಟರು. ಈ ಸಂಸ್ಥೆಯ ಮನೆಗಳಲ್ಲಿ ಟಿ.ವಿ. ಇಡುವುದಿಲ್ಲ. ಬಂದವರು ಬರೆದಿಡಲು ಒಂದು ದಪ್ಪ ಪುಸ್ತಕವಿರುತ್ತದೆ.

ಅಷ್ಟು ಹಣ ನಮ್ಮಲ್ಲಿ ಯಾರ ಬಳಿಯೂ ಇಲ್ಲ, ಅಲ್ಲಿಯಂತೆ ಲಾಟರಿಯ ಲಾಭವನ್ನು ಹಳೆಯ ಕಟ್ಟಡಗಳಿಗೆ ಹಂಚುವ ನಿಧಿಯೂ ಇಲ್ಲ. ಅಲ್ಲಿಂದ ನಾವು ಕಲಿಯಬೇಕಾದ್ದು ಬೇರೆ. ಅತಿಥಿಯ ಅನುಕೂಲಕ್ಕೆ ಮನೆಯನ್ನು ತಿದ್ದದೆ, ಮನೆಯ ಸ್ವಭಾವಕ್ಕೆ ಅತಿಥಿಯನ್ನು ಹೊಂದಿಸುವುದು. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತಿರುಗಾಮುರುಗಾ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಬಳಿಯುತ್ತಾರೆ. ಗೋಡೆ ಹೀರಿದ ತೇವ ಹೊರಬರಲಾರದೆ ಒಳಗೇ ಕೊಳೆಸುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಪ್ರತಿ ಕೋಣೆಗೂ ಸ್ನಾನಗೃಹ ಅಂಟಿಸುತ್ತಾರೆ. ಜಗಲಿಗೆ ಸೋಫಾ ಬಂದು ಅಡಿಕೆ ಸುಲಿಯುವವರು ತಗಡಿನ ಚಪ್ಪರಕ್ಕೆ ಹೋಗುತ್ತಾರೆ. ಕೊನೆಗೆ ಆ ಮನೆಯಲ್ಲಿ ಹಳೆಯದಾಗಿ ಉಳಿಯುವುದು ಭಾವಚಿತ್ರಕ್ಕೆ ಬೇಕಾದ ಮುಂಭಾಗ ಮಾತ್ರ.

ತಾವೇ ಅಡುಗೆ ಮಾಡಿಕೊಳ್ಳುವ ಕ್ರಮ ಊಟ ಹಾಕುವ ಹೋಂಸ್ಟೇಗಿಂತ ಒಂದು ವಿಷಯದಲ್ಲಿ ಮೇಲು ಎಂದು ನನಗನ್ನಿಸುತ್ತದೆ. ಹೋಂಸ್ಟೇಯ ಆದಾಯವನ್ನು ಯಜಮಾನರ ಹೆಸರಿನಲ್ಲಿ ಲೆಕ್ಕ ಹಾಕುತ್ತಾರೆ, ದುಡಿಮೆ ಮಾತ್ರ ಮನೆಯ ಹೆಂಗಸರದು. ಬೆಳಿಗ್ಗೆ ಐದಕ್ಕೆ ಎದ್ದು ಹನ್ನೆರಡು ಜನರಿಗೆ ಕಡುಬು, ಮಧ್ಯಾಹ್ನಕ್ಕೆ ಪತ್ರೊಡೆ, ರಾತ್ರಿಗೆ ಇನ್ನೇನೋ. ‘ಅಪ್ಪಟ ಮಲೆನಾಡಿನ ರುಚಿ’ ಎಂದು ಹೊಗಳಿ ಹೋದವರಿಗೆ ಆ ಅಮ್ಮನ ಸೊಂಟನೋವು ಕಾಣುವುದಿಲ್ಲ. ಬಂದವರೇ ಬೇಯಿಸಿಕೊಂಡರೆ ಈ ಭಾರ ಇಳಿಯುತ್ತದೆ. ಅದೂ ಅಲ್ಲದೆ, ಬಾವಿಯಿಂದ ನೀರು ಸೇದಿ, ಹಂಡೆಗೆ ಉರಿ ಹಾಕಿ, ಹಿತ್ತಲಿನಿಂದ ಒಂದೆಲಗ ಕೊಯ್ದು ತಂಬುಳಿ ಮಾಡಿಕೊಂಡ ನಗರದ ಹುಡುಗಿಗೆ ಮಲೆನಾಡು ತಿಳಿಯುವ ಬಗೆಯೇ ಬೇರೆ.

ಆದರೆ ಅವರ ಚೀಲದಲ್ಲಿ ಏನಿದೆ ಎಂಬುದು ಮುಖ್ಯ. ನೂರಾರು ಕಿಲೋಮೀಟರು ದೂರದಿಂದ ಅಕ್ಕಿ, ತರಕಾರಿ, ನೀರಿನ ಬಾಟಲಿ, ಮಾಂಸ, ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಕಾರಿನಲ್ಲಿ ತುಂಬಿಕೊಂಡು ಬಂದು, ಪ್ಲಾಸ್ಟಿಕ್ಕನ್ನು ನಮ್ಮ ಹಳ್ಳಕ್ಕೆ ಬಿಟ್ಟುಹೋದರೆ ಊರಿಗೆ ದಕ್ಕಿದ್ದೇನು? ನಮ್ಮ ಚದುರಿದ ಮನೆಗಳ ತನಕ ಪಂಚಾಯಿತಿಯ ಕಸದ ಗಾಡಿ ಬರುವುದು ಕಷ್ಟ. ಆದ್ದರಿಂದ ಅಕ್ಕಿ, ಹಾಲು, ಬಾಳೆಕಾಯಿ, ಕೆಸು, ಬೆಲ್ಲ, ಮೊಟ್ಟೆಗಳನ್ನು ಊರಿನಿಂದಲೇ ಕೊಳ್ಳಬೇಕು, ತಂದ ಪ್ಲಾಸ್ಟಿಕ್ಕನ್ನು ವಾಪಸು ಒಯ್ಯಬೇಕು ಎಂಬುದು ಬಾಡಿಗೆಯ ಕರಾರಿನಲ್ಲೇ ಇರಲಿ. ಮಹಿಳಾ ಸ್ವಸಹಾಯ ಸಂಘದವರು ಇಂಥ ಮನೆಗಳಿಗೆ ಸಾಮಾನು ಒದಗಿಸುವುದು ದೊಡ್ಡ ವಿದ್ಯೆಯೇನಲ್ಲ.

ನೀರಿನ ಬಗ್ಗೆ ನಮ್ಮವರು ಎತ್ತುವ ಆಕ್ಷೇಪಣೆಯನ್ನು ಸ್ವಲ್ಪ ಅಳೆದು ನೋಡೋಣ. ನಗರದವರಿಗೆ ದಿನಕ್ಕೆ ತಲೆಗೆ 135 ಲೀಟರ್ ಎಂಬುದು ಸರ್ಕಾರದ ಲೆಕ್ಕ. ಹತ್ತು ಜನರಿಗೆ 1,350 ಲೀಟರ್. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ ಸುಮಾರು 20 ಲೀಟರ್ ಎಂದರೆ, ಹತ್ತು ಅತಿಥಿಗಳು 67 ಮರಗಳ ನೀರನ್ನು ಬಳಸಿದಂತಾಯಿತು. ಎಕರೆಗೆ ಸುಮಾರು 550 ಮರಗಳಿರುವ ತೋಟದಲ್ಲಿ ಇದು ಎಂಟನೆಯ ಒಂದು ಪಾಲು. ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋದರೆ ಇನ್ನೂ ಕಡಿಮೆ. ಇದಕ್ಕೆ ಗಾಬರಿಯಾಗಬೇಕಿಲ್ಲ. ಗಾಬರಿಯಾಗಬೇಕಾದ್ದು ಈಜುಕೊಳಕ್ಕೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳದ ಕೊಳಕ್ಕೆ 62,500 ಲೀಟರ್ ಬೇಕು. ಅದು ಮೂರು ಸಾವಿರಕ್ಕೂ ಮಿಕ್ಕಿದ ಮರಗಳ ಒಂದು ದಿನದ ನೀರು. ಏಪ್ರಿಲಿನಲ್ಲಿ ಅಬ್ಬಿ ನೀರಿನ ಪೈಪು ತೊಟ್ಟಿಕ್ಕುವಾಗ ಕೆಳಗಿನ ಮನೆಯವರ ಸರದಿಯನ್ನು ಈಜುಕೊಳ ಕಸಿದುಕೊಂಡರೆ ಅದು ಜಗಳದ ವಿಷಯವೇ. ಈಜುಕೊಳ ಬೇಡ. ಇದರಲ್ಲಿ ರಾಜಿ ಇಲ್ಲ.

ಇನ್ನೊಂದು ಅಪಾಯವನ್ನು ಬಾಡಿಗೆಗೆ ಕೊಡುವವರು ಬೇಕೆಂದೇ ಮುಚ್ಚಿಡುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇವರೆಗೆ. ಪ್ರವಾಸಿಗರ ಸುಗ್ಗಿಯೂ ಅದೇ. ಊರವರಿಗೆ ಉಣುಗಿನ ಭಯ ಗೊತ್ತು, ಮಂಗ ಸತ್ತ ಜಾಗಕ್ಕೆ ಹೋಗುವುದಿಲ್ಲ. ಕೀಲಿಕೈ ಹಿಡಿದು ಬಂದ ಅಪರಿಚಿತರಿಗೆ ಇದನ್ನು ಹೇಳುವವರು ಯಾರು? ಬೆಂಗಳೂರಿನಿಂದ ಫೋನಿನಲ್ಲಿ ಮನೆ ನಡೆಸುವ ಯಜಮಾನ ಹೇಳಲಾರ.

ಹಾಗಾಗಿ ಎಲ್ಲಕ್ಕಿಂತ ಮುಖ್ಯವಾದ ಕಟ್ಟುಪಾಡು ಕೀಲಿಕೈಯದೇ. ಹೋಂಸ್ಟೇಗೆ ಸರ್ಕಾರ ಕೊಡುವ ರಿಯಾಯಿತಿಯ ಮೂಲ ಕಲ್ಪನೆ, ಮನೆಯೊಡೆಯರು ಅಲ್ಲೇ ವಾಸವಿದ್ದಾರೆ ಎಂಬುದು. ಇಡೀ ಮನೆಯನ್ನು ಬಿಟ್ಟುಕೊಟ್ಟು ಊರಿನಲ್ಲಿ ಯಾರೂ ಇಲ್ಲದಿದ್ದರೆ ಅದು ಹೋಂಸ್ಟೇ ಹೆಸರಿನ ವಸತಿಗೃಹ. ನನ್ನ ಸಲಹೆ ಇಷ್ಟು: ಚೌಕಿಯ ಒಂದು ಪಾರ್ಶ್ವವನ್ನಷ್ಟೇ ಬಾಡಿಗೆಗೆ ಕೊಡಲಿ, ಇನ್ನೊಂದು ಪಾರ್ಶ್ವದಲ್ಲಿ ಮನೆಯ ಹಿರಿಯರೋ ತೋಟ ನೋಡಿಕೊಳ್ಳುವ ಕುಟುಂಬವೋ ಇರಲಿ. ತೋಟದ ಕೆಲಸ ನಿಲ್ಲಿಸಿದ ಮನೆಗೆ ಗ್ರಾಮಸಭೆ ಒಪ್ಪಿಗೆ ಕೊಡಬಾರದು. ಬೆಟ್ಟ ಕೊಟ್ಟಿರುವುದು ತೋಟದ ಗೊಬ್ಬರಕ್ಕೆ, ಪ್ರವಾಸಿಗರ ಗುಡಾರಕ್ಕಲ್ಲ. ಕೊನೆಕೊಯ್ಲಿನ ದಿನಗಳಲ್ಲಿ ಜಗಲಿ ಅಡಿಕೆಗೇ ಮೀಸಲು. ಆಗ ಬಂದ ಅತಿಥಿ ಬೇಕಾದರೆ ಜೊತೆಗೆ ಕುಳಿತು ಸುಲಿಯಲಿ, ಬೆರಳು ಕೊಯ್ದುಕೊಂಡರೆ ಔಷಧಿ ಕೊಡೋಣ. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ, ಪಂಪುಗಳನ್ನು ಅಂಗಳದಲ್ಲಿ ಹರಡಿದಾಗ ‘ನೋಟ ಕೆಟ್ಟಿತು’ ಎಂದು ದೂರುವವರಿಗೆ ಬೇರೆ ಮನೆಗಳಿವೆ.

ಈ ವರ್ಷ ನಮ್ಮ ಸುತ್ತಲಿನ ನಾಲ್ಕಾರು ಮನೆಗಳವರು ಬಾಡಿಗೆಗೆ ಕೊಡುವ ವಿಚಾರದಲ್ಲಿದ್ದಾರೆ. ಅವರಿಗೆ ನಾನು ಮೊದಲು ಹೇಳುವುದು ಹಾಸಿಗೆ, ಕನ್ನಡಿಗಳ ವಿಷಯವನ್ನಲ್ಲ. ಬಂದ ಬಾಡಿಗೆಯಲ್ಲಿ ಮೊದಲ ಪಾಲನ್ನು ಮಾಡಿಗೆ ಎತ್ತಿಡಿ. ಮೇ ಮೊದಲ ಎರಡು ವಾರ ಯಾರಿಗೂ ಮನೆ ಕೊಡಬೇಡಿ, ಬೇಸಿಗೆ ರಜೆಯ ಗಿರಾಕಿ ಎಷ್ಟೇ ಹಣ ಹೇಳಲಿ. ಹಂಚು ಕೈಯಾಡಿಸಬಲ್ಲ ಆಳುಗಳು ಈಗ ಊರಿಗೆ ಒಬ್ಬಿಬ್ಬರಷ್ಟೇ ಉಳಿದಿದ್ದಾರೆ, ಅವರು ಸಿಗುವುದು ಆ ದಿನಗಳಲ್ಲಿ ಮಾತ್ರ.