ಇಂಜಿನ್ ಬಿಚ್ಚುವ ಮೊದಲು ಚಾಸಿ ನೋಡಿ
ಪುತ್ತೂರು, ಸುಳ್ಯ, ಕಡಬದ ತೋಟಗಳಿಗೆ ಗೊಬ್ಬರ ಏರಿಸಿ, ಅಡಿಕೆ, ರಬ್ಬರ್ ಶೀಟು ಇಳಿಸುವ ಹಳೆಯ ಮಹೀಂದ್ರ ಜೀಪುಗಳ ಇಂಜಿನ್ ಕೆಲಸ ಮಾಡಿಸಬೇಕೇ ಎಂಬುದನ್ನು ಬರೀ ಹೊಗೆ ನೋಡಿ ತೀರ್ಮಾನಿಸಬಾರದು. ಮಳೆಗಾಲವಿಡೀ ಕೆಸರು ಮೆತ್ತಿಕೊಂಡೇ ಓಡುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಚಾಸಿ. ಸ್ಪ್ರಿಂಗ್ ಪಟ್ಟಿಗಳ ಬ್ರಾಕೆಟ್ ಕೂರುವಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ತುಕ್ಕು ಪದರಪದರವಾಗಿ ಉದುರಿ ತೂತು ಬಿದ್ದರೆ, ಅಂಥ ಗಾಡಿಗೆ ಹೊಸ ಪಿಸ್ಟನ್ ಹಾಕಿಸುವುದು ದಂಡ. ಚಾಸಿ ಗಟ್ಟಿಯಿದ್ದರೆ ಮುಂದಿನ ಮಾತು. ಕಪ್ಪು ಹೊಗೆಗೆ ನೋಝಲ್ಲೋ ಕಟ್ಟಿಕೊಂಡ ಏರ್ ಫಿಲ್ಟರೋ ಕಾರಣವಿರಬಹುದು. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಕಂಪ್ರೆಷನ್ ಅಳೆಸಿ, ಆಯಿಲ್ ಮುಚ್ಚಳ ತೆಗೆದಾಗ ಒಳಗಿಂದ ಹೊಗೆ ನುಗ್ಗುತ್ತದೆಯೇ ನೋಡಿ. ಎರಡೂ ಕೆಟ್ಟಿದ್ದರೆ ಬರೀ ರಿಂಗ್ ಬದಲಿಸುವ ಅಗ್ಗದ ದಾರಿಯನ್ನು ನಾನು ಒಪ್ಪಲಾರೆ: ಮೊಟ್ಟೆಯಾಕಾರಕ್ಕೆ ಸವೆದ ಬೋರಿನಲ್ಲಿ ಹೊಸ ರಿಂಗ್ ಸರಿಯಾಗಿ ಕೂರುವುದಿಲ್ಲ, ಬೋರ್ ಮಾಡಿಸಲೇಬೇಕು. ಗಾಡಿ ಮಾರಿದರೆ ಸಿಗುವ ದುಡ್ಡಿಗಿಂತ ಖರ್ಚೇ ಹೆಚ್ಚಾಗುತ್ತದಲ್ಲ ಎನ್ನುವವರಿದ್ದಾರೆ. ಮಾರುವವರಿಗೆ ಆ ಲೆಕ್ಕ ಸರಿ. ಇಟ್ಟುಕೊಳ್ಳುವವರು ಹೋಲಿಸಬೇಕಾದದ್ದು ಅದೇ ಏರು ಹತ್ತುವ ಫೋರ್ ವೀಲ್ ಗಾಡಿಯೊಂದರ ಇಂದಿನ ಬೆಲೆಯೊಂದಿಗೆ. ಹಳೆ ಇಂಜಿನ್ ಹೊಗೆ ಉಗುಳುತ್ತದೆಂಬ ಆಕ್ಷೇಪದಲ್ಲಿ ಹುರುಳಿದೆ. ಬೋರ್ ಮಾಡಿಸಿದ ಮಾತ್ರಕ್ಕೆ ಅದು ಹೊಸ ಗಾಡಿಯಷ್ಟು ಶುದ್ಧವಾಗುವುದಿಲ್ಲ, ಆಯಿಲ್ ಉರಿಯುವುದು ನಿಲ್ಲುತ್ತದೆ ಅಷ್ಟೆ. 15 ವರ್ಷ ದಾಟಿದ ಖಾಸಗಿ ಜೀಪಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ, ಆರ್‌ಟಿಒ ತಪಾಸಣೆಗೆ ಒಯ್ಯುವ ಮುನ್ನವೇ ಈ ಕೆಲಸ ಮುಗಿಸುವುದು ಲೇಸು. ಇಂಜಿನನ್ನೇ ಬದಲಿಸಿದರೆ ಹೊಸ ನಂಬರ್ ಆರ್‌ಸಿಯಲ್ಲಿ ನಮೂದಾಗಲೇಬೇಕು.