ಕಾಗದ ಓದುವವರು ಯಾರು?

ಇತರರನ್ನು ಆಕ್ಷೇಪಿಸುವ ಮುನ್ನ ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಮರ್ಯಾದೆ. ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಒಂದು ಬೆಳಿಗ್ಗೆ ರೇಷನ್ ಕಾರ್ಡಿನ ಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, "ಸ್ವಾಮೀ, ಇದರಾಗೆ ಏನು ಬರೆದೈತೆ, ವಸಿ ನೋಡ್ತೀರಾ?" ಎಂದಳು. ನಾನು ಕಚೇರಿಗೆ ಹೊರಟಿದ್ದೆ. "ನಾಳೆ ನೋಡೋಣ" ಎಂದೆ. ಆ ನಾಳೆ ಬಂದದ್ದು ಒಂದು ವರ್ಷದ ಮೇಲೆ, ಕೋರ್ಟಿನ ಅಮೀನರು ಜಪ್ತಿ ವಾರಂಟು ಹಿಡಿದು ಆಕೆಯ ಟಿ.ವಿ.ಯನ್ನೂ ಬೀರುವನ್ನೂ ಹೊರಿಸಿಕೊಂಡು ಹೋದ ದಿನ.

ಮಡಿಕೆ ಬಿಚ್ಚಿದರೆ ಅದು ಸಮನ್ಸು. ಮಗಳ ಹೆರಿಗೆಗೆಂದು ಸಾಲ ಮಾಡಿ, ಖಾಲಿ ಪ್ರಾಮಿಸರಿ ನೋಟಿನ ಮೇಲೆ ಆಕೆ ಹೆಬ್ಬೆಟ್ಟು ಒತ್ತಿದ್ದಳು. ವಾರವಾರವೂ ಕಟ್ಟಿ ಬಹುಪಾಲು ತೀರಿಸಿದ್ದಳು, ರಸೀದಿ ಪಡೆದಿರಲಿಲ್ಲ. ದಾವೆಯ ಪ್ರತಿ ಇಂಗ್ಲಿಷಿನಲ್ಲಿತ್ತು. ಕೇರಿಯಲ್ಲಿ ಅಕ್ಷರ ಬಲ್ಲ ಹುಡುಗರಿದ್ದರು, ಅರ್ಥ ಬಲ್ಲವರಿರಲಿಲ್ಲ. ಹೇಳಿದ ತಾರೀಖಿನಂದು ಆಕೆ ಹಾಜರಾಗಲಿಲ್ಲ, ಏಕಪಕ್ಷೀಯವಾಗಿ ಡಿಕ್ರಿಯಾಯಿತು. ನ್ಯಾಯಾಧೀಶರು ಕಾನೂನು ಮೀರಲಿಲ್ಲ, ಅಮೀನರೂ ಮೀರಲಿಲ್ಲ. ಎಲ್ಲರೂ ಕ್ರಮವಾಗಿಯೇ ನಡೆದುಕೊಂಡರು. ಆಕೆಯ ಬೀರು ಮಾತ್ರ ಹೋಯಿತು.

"ಬಡವರಿಗೆ ಸರ್ಕಾರವೇ ಉಚಿತವಾಗಿ ವಕೀಲರನ್ನು ಕೊಡುತ್ತದಲ್ಲ?" ಎಂದು ಮಿತ್ರರೊಬ್ಬರು ಕೇಳಿದರು. ಕೊಡುತ್ತದೆ, ನಿಜ. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಾಯಿತು; ಅದು ಜಾರಿಗೆ ಬರಲು 1995ರ ನವೆಂಬರ್ 9ರವರೆಗೆ ಕಾಯಬೇಕಾಯಿತು. ಅದರ 12ನೆಯ ಸೆಕ್ಷನ್ನಿನ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯವನ್ನೇ ಕೇಳದೆ ನೆರವು ಕೊಡಬೇಕು. ಎಂದರೆ ನಮ್ಮ ಪಾತ್ರೆಯ ಹೆಂಗಸಿಗೆ ಮೊದಲ ದಿನದಿಂದಲೇ ಆ ಹಕ್ಕಿತ್ತು. ಆಕೆಗೆ ತಿಳಿದಿರಲಿಲ್ಲ, ಪದವಿಯ ಚೌಕಟ್ಟನ್ನು ಗೋಡೆಗೆ ತೂಗುಹಾಕಿಕೊಂಡ ನನಗೂ ತಿಳಿದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯದೂ ತಪ್ಪಿಲ್ಲ. ಗುಡಿ ಎಲ್ಲಿದೆಯೆಂದೇ ಯಾರೂ ಹೇಳಲಿಲ್ಲ.

ಹಕ್ಕು ಕೇಳದವನಿಗೆ ಹಕ್ಕಿಲ್ಲವೇ? 1986ರಲ್ಲಿ ಅರುಣಾಚಲದ ಸುಕ್ ದಾಸ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿದೆ: ಆರೋಪಿ ಕೇಳಲಿಲ್ಲವೆಂಬ ಕಾರಣಕ್ಕೆ ಉಚಿತ ನೆರವನ್ನು ನಿರಾಕರಿಸುವಂತಿಲ್ಲ. ಅದು ಕ್ರಿಮಿನಲ್ ಮೊಕದ್ದಮೆ. ಆರೋಪಿ ನ್ಯಾಯಾಧೀಶರ ಎದುರು ನಿಂತಿರುತ್ತಾನೆ, ಹಕ್ಕಿನ ವಿಷಯ ಅವನಿಗೆ ಹೇಳಬಹುದು. ಸಾಲದ ದಾವೆಯಲ್ಲಿ ಕೋರ್ಟಿನ ಮೆಟ್ಟಿಲನ್ನೇ ಹತ್ತದವಳಿಗೆ ಹೇಳುವವರು ಯಾರು?

ನನ್ನ ವಾದ ಇಷ್ಟೆ. ಬಡವರ ವ್ಯಾಜ್ಯ ಗೆಲ್ಲುವುದೋ ಸೋಲುವುದೋ ಕೋರ್ಟಿನಲ್ಲಲ್ಲ. ಕಾಗದ ಕೈಗೆ ಬಂದ ವಾರದಲ್ಲಿ, ಕೇರಿಯಲ್ಲಿ. ಅನಂತರ ಎಂಥ ವಕೀಲರನ್ನು ಕೊಟ್ಟರೂ ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದಕಾರಣ ನೆರವು ಕೇರಿಯಲ್ಲೇ ಇರಬೇಕು. ಅಲ್ಲಿಯವರೇ ಆದ, ಅಲ್ಲಿಯ ಮಾತನ್ನೇ ಆಡುವ ಒಬ್ಬರು ಅದನ್ನು ಕೊಡಬೇಕು. ಇದು ನನ್ನ ಕಲ್ಪನೆಯಲ್ಲ. ರಾಷ್ಟ್ರೀಯ ಪ್ರಾಧಿಕಾರವೇ 2009ರಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರ ಯೋಜನೆ ಮಾಡಿದೆ. ಅಂಗನವಾಡಿ ಕಾರ್ಯಕರ್ತೆ, ನಿವೃತ್ತ ನೌಕರ, ಸ್ವಸಹಾಯ ಸಂಘದ ಸದಸ್ಯೆ, ಇಂಥವರಿಗೆ ತರಬೇತಿ ಕೊಡುವುದು ಅದರ ಉದ್ದೇಶ. ಆದರೆ ನಮ್ಮ ಬಡಾವಣೆಯ ಹಿಂದಿನ ಕೇರಿಯಲ್ಲಿ ನಾನು ವಿಚಾರಿಸಿದ ಒಂದು ಮನೆಯವರೂ ಅಂಥವರನ್ನು ಕಂಡಿರಲಿಲ್ಲ.

"ಹೀಗೆ ಮಾಡಿದರೆ ವ್ಯಾಜ್ಯ ಹೆಚ್ಚುತ್ತದೆ" ಎಂಬ ಹೆದರಿಕೆಯೊಂದಿದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮಗಿಂತ ಕೇರಿಯವರಿಗೆ ಚೆನ್ನಾಗಿ ಗೊತ್ತು. ರಸೀದಿ ಕೇಳಬೇಕೆಂದು ಕಲಿತವಳು ಎಷ್ಟೋ ದಾವೆಗಳನ್ನು ಹುಟ್ಟುವ ಮೊದಲೇ ತಪ್ಪಿಸುತ್ತಾಳೆ. "ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಲಿ" ಎನ್ನುವವರೂ ಇದ್ದಾರೆ. ಮಾಡಿಕೊಳ್ಳಲಿ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ತನಗೆ ಏನು ಸಲ್ಲಬೇಕೆಂದು ತಿಳಿದವನು ಬಿಟ್ಟುಕೊಟ್ಟರೆ ಅದು ರಾಜಿ. ತಿಳಿಯದವನು ಬಿಟ್ಟುಕೊಟ್ಟರೆ ಅದು ಶರಣಾಗತಿ.

ಮಾಡಬೇಕಾದ್ದು ದೊಡ್ಡದೇನಲ್ಲ. ಪ್ರತಿ ವಾರ್ಡಿನಲ್ಲಿ ಹೆಸರು, ಹೊತ್ತು ಬರೆದ ಒಂದು ಹಲಗೆ. ತಿಂಗಳು ತಪ್ಪದ ಗೌರವಧನ. ಸಮನ್ಸಿನ ಜೊತೆಗೇ 'ನಿಮಗೆ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನು ಮಾಡಿ' ಎಂಬ ಕನ್ನಡದ ಚೀಟಿ. ಉದ್ಯಾನದ ಬೆಂಚಿಗಾಗಿ ಕಾರ್ಪೊರೇಷನ್ನಿಗೆ ಅರ್ಜಿ ಬರೆಯುವ ನಾವು ಇದಕ್ಕೂ ಒಂದು ಬರೆಯಬಾರದೇ?

ಆಕೆಗೆ ಈಗ ಪ್ರಾಧಿಕಾರದಿಂದ ವಕೀಲರು ಸಿಕ್ಕಿದ್ದಾರೆ. ಡಿಕ್ರಿ ರದ್ದು ಮಾಡಿಸಲು ಮೂವತ್ತು ದಿನದ ಗಡುವು. ಅದು ಎಂದೋ ಮೀರಿತ್ತು. ತಡವನ್ನು ಮನ್ನಿಸಬೇಕೆಂಬ ಅರ್ಜಿ ವಿಚಾರಣೆಯಲ್ಲಿದೆ. ಬೀರು ವಾಪಸು ಬಂದಿಲ್ಲ. ಆಕೆ ಈಗ ಕರೆಂಟಿನ ಬಿಲ್ಲನ್ನೂ ನನಗೆ ತಂದು ತೋರಿಸುತ್ತಾಳೆ. ನಾನು ಕೂತು ಓದಿ ಹೇಳುತ್ತೇನೆ. ಕಚೇರಿಗೆ ತಡವಾಗುತ್ತದೆ, ಆಗಲಿ. ಆದರೆ ಒಂದು ಕೇರಿಯ ನ್ಯಾಯ ನನ್ನಂಥವನ ಬಿಡುವನ್ನು ನೆಚ್ಚಿಕೊಂಡು ನಿಲ್ಲಬಾರದು. ಆ ಬಿಡುವು ಎಷ್ಟರದೆಂದು ನಾನು ಬಲ್ಲೆ.